ಗೇಮಿನ ಪಾತ್ರಕ್ಕೆ ಗುಂಡು ಬಿದ್ದರೆ ನೋವು ಯಾರಿಗೆ?

2025ರ ಜುಲೈನಲ್ಲಿ ಕಂಪ್ಯೂಟರ್ ಗೇಮ್ ಮಾರುವ ದೊಡ್ಡ ಆನ್‌ಲೈನ್ ಅಂಗಡಿ ಸ್ಟೀಮ್ ತನ್ನ ನಿಯಮಗಳ ಪಟ್ಟಿಗೆ ಇನ್ನೊಂದು ಸಾಲು ಸೇರಿಸಿತು. ಪಾವತಿ ಕಂಪನಿಗಳು, ಕಾರ್ಡ್ ಜಾಲಗಳು, ಬ್ಯಾಂಕುಗಳು ಇವರ ಕಟ್ಟಳೆಗೆ ಒಗ್ಗದ ಗೇಮುಗಳಿಗೆ, ಅದರಲ್ಲೂ ಕೆಲವು ಬಗೆಯ ವಯಸ್ಕರ ಗೇಮುಗಳಿಗೆ, ಇನ್ನು ಇಲ್ಲಿ ಜಾಗವಿಲ್ಲ ಎಂಬುದು ಅದರ ಸಾರ. ಬೆನ್ನಿಗೇ ಒಂದಷ್ಟು ಗೇಮುಗಳು ಕಾಣೆಯಾದವು. ಕೆಲವೇ ದಿನಗಳಲ್ಲಿ ಸಣ್ಣ ತಯಾರಕರ ತಾಣ ಇಚ್ ಡಾಟ್ ಐಒ ಕೂಡ ವಯಸ್ಕರ ವಿಷಯವಿದ್ದ ಗೇಮುಗಳನ್ನು ಹುಡುಕಾಟದಲ್ಲೇ ಸಿಗದಂತೆ ಮರೆಮಾಡಿತು. ಪಾವತಿ ಕಂಪನಿಗಳ ಮೇಲೆ ಒತ್ತಡ ತಂದದ್ದು ಆಸ್ಟ್ರೇಲಿಯಾದ ಕಲೆಕ್ಟಿವ್ ಶೌಟ್ ಎಂಬ ಸಂಘಟನೆ. ಹೆಣ್ಣಿನ ಮೇಲಿನ ಲೈಂಗಿಕ ಹಿಂಸೆಯನ್ನು ಆಟ ಮಾಡಿ ಮಾರಿದರೆ ಅದರ ಪೆಟ್ಟು ನಿಜವಾದ ಹೆಂಗಸರಿಗೇ ಬೀಳುತ್ತದೆ ಎಂಬುದು ಅವರ ವಾದ. ಅಲ್ಲಿ ಹೆಂಗಸೇ ಇಲ್ಲ, ಇರುವುದು ಬರೀ ಚಿತ್ರ, ಚಿತ್ರಕ್ಕೆ ಏನಾದರೆ ಯಾರ ಗಂಟು ಹೋಯಿತು ಎಂಬುದು ಎದುರಿನವರ ಮಾತು.

ಇದಕ್ಕೂ ಮೊದಲು, 2024ರ ಜನವರಿಯಲ್ಲಿ, ಬ್ರಿಟನ್ನಿನಿಂದ ಬಂದ ಸುದ್ದಿ ಇನ್ನೂ ವಿಚಿತ್ರವಾಗಿತ್ತು. ಗೇಮಿನ ಲೋಕವನ್ನು ಕಣ್ಣ ಸುತ್ತಲೂ ತೋರಿಸುವ ವಿಆರ್ ಹೆಡ್‌ಸೆಟ್ ತಲೆಗೆ ಹಾಕಿಕೊಂಡು ಆಡುತ್ತಿದ್ದ, 16 ತುಂಬದ ಹುಡುಗಿಯೊಬ್ಬಳ ಅವತಾರದ, ಅಂದರೆ ಗೇಮಿನಲ್ಲಿ ಅವಳ ಬದಲು ಓಡಾಡುವ ಗೊಂಬೆಯ ಮೇಲೆ ಅಪರಿಚಿತರ ಅವತಾರಗಳು ಸಾಮೂಹಿಕ ಲೈಂಗಿಕ ದಾಳಿ ನಡೆಸಿದವೆಂದು ಪೊಲೀಸರು ತನಿಖೆ ಶುರುಮಾಡಿದ್ದರು. ಹುಡುಗಿಯ ಮೈಮೇಲೆ ಒಂದು ಗೀರೂ ಇರಲಿಲ್ಲ.

ಹಾಸನದ ಸಾಲಗಾಮೆ ರಸ್ತೆಯ ಹಾಸ್ಟೆಲುಗಳಲ್ಲೋ ಚಿಕ್ಕಮಗಳೂರಿನ ಪಿಜಿಗಳಲ್ಲೋ ರಾತ್ರಿ ಊಟವಾದ ಮೇಲೆ ಪಬ್‌ಜಿಯ ಭಾರತದ ರೂಪವಾದ ಗುಂಡಿನ ಕಾಳಗದ ಗೇಮ್ ಬಿಜಿಎಂಐ ಹಾಕಿ ಕೂರುವವರಿಗೆ ಈ ಎರಡು ಸುದ್ದಿ ಒಟ್ಟಿಗೆ ಓದಿದರೆ ತಲೆ ಗಿರ್ರೆನ್ನುವುದು ಸಹಜ. ಅವತಾರವನ್ನು ಮುಟ್ಟಿದ್ದಕ್ಕೆ ಪೊಲೀಸ್ ತನಿಖೆ ಆಗುವುದಾದರೆ ದಿನಾ ರಾತ್ರಿ ಇಪ್ಪತ್ತು ಜನರನ್ನು ಹೊಡೆದುರುಳಿಸುವವರಿಗೆ ಏನು ಶಿಕ್ಷೆ? ಅಥವಾ ಕೊಲ್ಲುವುದು ಬರೀ ಆಟವಾದರೆ ಮಿಕ್ಕಿದ್ದೂ ಆಟವೇ ತಾನೆ?

ಗೇಮಿನ ಪಾತ್ರವನ್ನು ಮನುಷ್ಯರಂತೆ ಕಾಣಬೇಕೋ ಬೇಡವೋ ಎಂದು ಹಿಡಿದು ಜಗ್ಗಿದಷ್ಟೂ ಈ ಗಂಟು ಬಿಗಿಯುತ್ತದೆ. ಕೇಳಬೇಕಾದ ಪ್ರಶ್ನೆ ಬೇರೆ: ಈ ಪಾತ್ರದ ಹಿಂದೆ ಯಾರು ನಿಂತಿದ್ದಾರೆ?

ಇಳಿದವರು ನೂರು, ಎಲ್ಲರೂ ಜನವಲ್ಲ

ಬಿಜಿಎಂಐಯ ಎರಾಂಗೆಲ್ ಮ್ಯಾಪನ್ನೇ ತೆಗೆದುಕೊಳ್ಳಿ. 8 ಕಿಲೋಮೀಟರ್ ಉದ್ದ, 8 ಕಿಲೋಮೀಟರ್ ಅಗಲದ ದ್ವೀಪ. ವಿಮಾನದಿಂದ ನೂರರಷ್ಟು ಆಟಗಾರರು ಹಾರುತ್ತಾರೆ. ಹೊಸಬರು ಆಡುವ ಪಂದ್ಯಗಳಲ್ಲಿ ಇವರಲ್ಲಿ ಒಂದಷ್ಟು ಬಾಟ್‌ಗಳು, ಅಂದರೆ ಕಂಪ್ಯೂಟರೇ ಆಡಿಸುವ ಗೊಂಬೆಗಳು. ಸ್ವಲ್ಪ ಆಡಿದವರಿಗೆ ಗುರುತು ಸಿಗುತ್ತದೆ. ಬಾಟ್ ಬಯಲಿನಲ್ಲಿ ನೆಟ್ಟಗೆ ನಿಂತೇ ಗುಂಡು ಹಾರಿಸುತ್ತದೆ, ಮೊದಲ ನಾಲ್ಕೈದು ಗುಂಡು ಅಕ್ಕಪಕ್ಕ ಹೋಗುತ್ತವೆ, ಪೆಟ್ಟು ಬಿದ್ದರೂ ಮರದ ಮರೆಗೆ ಓಡುವ ಬುದ್ಧಿ ತೋರಿಸುವುದಿಲ್ಲ. ಮನುಷ್ಯ ಆಡುತ್ತಿದ್ದರೆ ತಕ್ಷಣ ಮಲಗುತ್ತಾನೆ, ಹೊಗೆ ಬಾಂಬ್ ಎಸೆಯುತ್ತಾನೆ.

ಎರಡಕ್ಕೂ ಒಂದೇ ಅಂಗಿ, ಒಂದೇ ಹೆಲ್ಮೆಟ್. ಗುಂಡು ಬಿದ್ದರೆ ಎರಡೂ ಒಂದೇ ರೀತಿ ಕುಸಿದು, ಒಂದೇ ಥರದ ಪೆಟ್ಟಿಗೆ ಬಿಟ್ಟುಹೋಗುತ್ತವೆ. ಆದರೆ ಒಂದರ ಹಿಂದೆ ಸರ್ವರಿನ ಲೆಕ್ಕಾಚಾರವಿದೆ, ಇನ್ನೊಂದರ ಹಿಂದೆ ಅರಸೀಕೆರೆಯಲ್ಲೋ ಕಡೂರಿನಲ್ಲೋ ಹೊದಿಕೆಯೊಳಗೆ ಫೋನ್ ಹಿಡಿದ ಹುಡುಗನಿದ್ದಾನೆ. ಆ ಹುಡುಗನ ಪಾತ್ರವನ್ನು ಹೊಡೆಯುವುದೂ ತಪ್ಪಲ್ಲ, ಏಕೆಂದರೆ ಆಟಕ್ಕೆ ಇಳಿದಾಗಲೇ ಅವನು ಇದಕ್ಕೆ ಒಪ್ಪಿದ್ದಾನೆ. ಕಬಡ್ಡಿಯಲ್ಲಿ ಕಾಲು ಹಿಡಿದೆಳೆದರೆ ಯಾರೂ ಠಾಣೆಗೆ ಹೋಗುವುದಿಲ್ಲ. ತಪ್ಪು ಶುರುವಾಗುವುದು ಮೈಕ್ ಆನ್ ಆದಾಗ. ಸ್ಕ್ವಾಡಿನಲ್ಲಿ ಹೆಣ್ಣುದನಿ ಕೇಳಿದ ಕೂಡಲೇ ಹೊಲಸು ಮಾತಾಡುವವನು ಆಟದ ನಿಯಮದೊಳಗೆ ಏನೂ ಮಾಡುತ್ತಿಲ್ಲ. ಅವನು ಮಾತಾಡಿದ್ದು ಪಾತ್ರದ ಜತೆ ಅಲ್ಲ.

ಫ್ರಿಜ್ ಕರೆಯುತ್ತದೆ, ಗೊಂಬೆ ಹೋಗುತ್ತದೆ

ಹಿಂದೆ ಯಾರೂ ಇಲ್ಲದ ಪಾತ್ರವನ್ನು ಗೇಮಿನವರು ಎನ್‌ಪಿಸಿ ಅನ್ನುತ್ತಾರೆ. ಅದರ ಒಳಗನ್ನು ಒಮ್ಮೆ ಬಿಚ್ಚಿ ನೋಡಿದರೆ ಎಷ್ಟೋ ಗೊಂದಲ ಕಳೆಯುತ್ತದೆ.

2000ದಲ್ಲಿ ಬಂದ ದ ಸಿಮ್ಸ್ ಗೇಮಿನಲ್ಲಿ ಪ್ರತಿ ಪಾತ್ರಕ್ಕೂ ಎಂಟು ಬೇಡಿಕೆಗಳು: ಹಸಿವು, ನೆಮ್ಮದಿ, ಶುಚಿ, ಮೂತ್ರ, ಚೈತನ್ಯ, ಮೋಜು, ಒಡನಾಟ, ಕೋಣೆಯ ಅಂದ. ಒಂದೊಂದೂ ಒಂದು ಅಂಕಿ, ಮೈನಸ್ 100ರಿಂದ ಪ್ಲಸ್ 100ರವರೆಗೆ. ಹೊತ್ತು ಕಳೆದಂತೆ ಅಂಕಿ ಇಳಿಯುತ್ತದೆ. ಪಾತ್ರಕ್ಕೆ ಹಸಿವಾಗಿ ಅದು ಫ್ರಿಜ್ ಹುಡುಕಿಕೊಂಡು ಹೋಗುತ್ತದೆ ಎಂದು ನೋಡುವವರಿಗೆ ಅನಿಸುತ್ತದೆ. ನಡೆಯುವುದು ಉಲ್ಟಾ. ಫ್ರಿಜ್ಜೇ ಸುತ್ತಲಿನ ಪಾತ್ರಗಳಿಗೆ ‘ನನ್ನ ಹತ್ತಿರ ಬಂದರೆ ಹಸಿವಿನ ಅಂಕಿ ಇಷ್ಟು ಏರುತ್ತದೆ’ ಎಂದು ಸಾರುತ್ತಿರುತ್ತದೆ. ಹಾಸಿಗೆ ನಿದ್ದೆಯನ್ನು, ಟಿವಿ ಮೋಜನ್ನು ಸಾರುತ್ತವೆ. ಆ ಹೊತ್ತಿಗೆ ಯಾವುದು ಹೆಚ್ಚು ಲಾಭವೋ ಅತ್ತ ಪಾತ್ರ ನಡೆಯುತ್ತದೆ. ಈಜುಕೊಳದ ಏಣಿ ತೆಗೆದುಬಿಟ್ಟರೆ ಪಾತ್ರಕ್ಕೆ ಹೊರಬರುವ ದಾರಿ ಗೊತ್ತಿಲ್ಲ. ಅಂಕಿ ಇಳಿದು ಇಳಿದು ಅದು ಸಾಯುತ್ತದೆ. ಒಂದು ತಲೆಮಾರಿನ ಮಕ್ಕಳು ಇದನ್ನು ಬೇಕಂತಲೇ ಮಾಡಿ ನಕ್ಕಿದ್ದಾರೆ. ಅಲ್ಲಿ ಮುಳುಗಿದ್ದು ಒಂದು ಅಂಕಿ.

2005ರ ಫಿಯರ್ ಗೇಮಿನ ಸೈನಿಕರು ಇನ್ನೂ ಜಾಣರೆಂದು ಹೆಸರಾದವರು. ‘ಅವನು ಅಲ್ಲಿದ್ದಾನೆ, ಸುತ್ತುವರಿಯಿರಿ’ ಎಂಬಂತೆ ಪರಸ್ಪರ ಕೂಗಾಡುತ್ತ ಬರುತ್ತಾರೆ, ಆಟಗಾರನಿಗೆ ಎದೆ ಹೊಡೆದುಕೊಳ್ಳುತ್ತದೆ. ವಾಸ್ತವದಲ್ಲಿ ಪ್ರತಿಯೊಬ್ಬನೂ ತನ್ನ ಪಾಡಿಗೆ ಹತ್ತಿರದ ಮರೆ ಹುಡುಕುತ್ತಿರುತ್ತಾನೆ, ಅಷ್ಟೇ. ಆ ಚಲನೆಗೆ ತಕ್ಕ ಮಾತನ್ನು ಮೇಲೆ ಅಂಟಿಸಲಾಗಿದೆ. ಜಾಣತನದ ಬಹುಪಾಲು ಕೇಳುವವರ ಕಿವಿಯಲ್ಲಿದೆ.

ಇದು ಗೇಮುಗಳು ತಂದ ರೋಗವೇನಲ್ಲ. 1944ರಲ್ಲಿ ಹೈಡರ್ ಮತ್ತು ಸಿಮೆಲ್ ಎಂಬ ಮನಶ್ಶಾಸ್ತ್ರಜ್ಞರು ಒಂದು ಪುಟ್ಟ ಚಲನಚಿತ್ರ ತೋರಿಸಿದರು: ಒಂದು ದೊಡ್ಡ ತ್ರಿಕೋನ, ಒಂದು ಚಿಕ್ಕ ತ್ರಿಕೋನ, ಒಂದು ಉರುಟು ಆಕೃತಿ ಅತ್ತಿತ್ತ ಸರಿದಾಡುತ್ತವೆ. ನೋಡಿದ 34 ಜನರಲ್ಲಿ ಒಬ್ಬರು ಮಾತ್ರ ಆಕೃತಿಗಳು ಸರಿದವು ಎಂದು ವಿವರಿಸಿದರು. ಉಳಿದ ಎಲ್ಲರೂ ಕಥೆ ಕಟ್ಟಿದರು. ದೊಡ್ಡದು ಪುಂಡ, ಚಿಕ್ಕದು ಪಾಪದ್ದು. ಬೇಲೂರಿನ ಶಿಲಾಬಾಲಿಕೆಯರ ಮುಂದೆ ನಿಂತು ‘ಇವಳಿಗೆ ಎಷ್ಟು ಗರ್ವ ನೋಡು’ ಅನ್ನುವವರೂ ಇದೇ ಕೆಲಸ ಮಾಡುತ್ತಿರುವುದು. ಬಳಪದ ಕಲ್ಲು ಏನೂ ಮಾಡಿಲ್ಲ.

ಈಗ ಬಂದಿರುವ ಎಐ ಪಾತ್ರಗಳು ಈ ಭ್ರಮೆಯನ್ನು ಇನ್ನಷ್ಟು ಗಟ್ಟಿ ಮಾಡುತ್ತವೆ. 2025ರ ಮೇ ತಿಂಗಳಲ್ಲಿ ಫೋರ್ಟ್‌ನೈಟ್ ಗೇಮಿನಲ್ಲಿ ಸ್ಟಾರ್ ವಾರ್ಸ್ ಸಿನಿಮಾದ ಖಳ ಡಾರ್ತ್ ವೇಡರ್ ಪಾತ್ರ ಆಟಗಾರರೊಡನೆ ನೇರ ಮಾತಿಗಿಳಿಯಿತು. ದನಿ, ಹಿಂದಿನ ವರ್ಷ ತೀರಿಕೊಂಡಿದ್ದ ನಟ ಜೇಮ್ಸ್ ಅರ್ಲ್ ಜೋನ್ಸ್ ಅವರದು, ಕುಟುಂಬದ ಒಪ್ಪಿಗೆ ಪಡೆದು ಎಐ ಮೂಲಕ ಮರುಸೃಷ್ಟಿ ಮಾಡಿದ್ದು. ಗಂಟೆಗಳೊಳಗೆ ಆಟಗಾರರು ಅದರ ಬಾಯಲ್ಲಿ ಬೈಗುಳ ಹೊರಡಿಸಿದರು, ಕಂಪನಿ ಓಡೋಡಿ ಬಂದು ತೇಪೆ ಹಾಕಿತು. ಇಲ್ಲಿ ಅವಮಾನ ವೇಡರನಿಗಾಯಿತೇ? ಅವನಿಗೆ ಏನೂ ಆಗಿಲ್ಲ. ಸತ್ತ ನಟನ ದನಿಗೆ ಆಯಿತು ಎಂದರೆ ಅದರಲ್ಲಿ ಅರ್ಥವಿದೆ. ಅಮೆರಿಕದ ಕಲಾವಿದರ ಸಂಘ ಸ್ಯಾಗ್-ಆಫ್ಟ್ರಾ ದೂರು ಕೊಟ್ಟದ್ದು ಬೇರೆ ಕಾರಣಕ್ಕೆ: ದನಿ ಕೊಡುವ ಕಲಾವಿದರ ಕೆಲಸವನ್ನು ಎಐಗೆ ಕೊಡುವ ಮುನ್ನ ತಮ್ಮೊಡನೆ ಮಾತುಕತೆ ನಡೆಸಿಲ್ಲ ಎಂದು.

ದೇವರು ವ್ಯಕ್ತಿಯಾದರೆ ಪಾತ್ರ ಏಕಲ್ಲ?

ಈ ಚರ್ಚೆಯಲ್ಲಿ ತಪ್ಪದೇ ಬರುವ ವಾದವೊಂದಿದೆ. ನಮ್ಮ ಕಾನೂನಿನಲ್ಲಿ ದೇವರ ವಿಗ್ರಹವೂ ಕಾನೂನಾತ್ಮಕ ವ್ಯಕ್ತಿ, ಕಂಪನಿಯೂ ವ್ಯಕ್ತಿ. ಹಾಗಿದ್ದ ಮೇಲೆ ಕೋಟ್ಯಂತರ ಜನ ಪ್ರೀತಿಸುವ ಗೇಮಿನ ಪಾತ್ರ ಏಕೆ ಆಗಬಾರದು?

ವಾದ ಕೇಳಲು ಚೆನ್ನಾಗಿದೆ, ನಿಲ್ಲುವುದಿಲ್ಲ. ಹಿಂದೂ ವಿಗ್ರಹ ಕಾನೂನಾತ್ಮಕ ವ್ಯಕ್ತಿ ಎಂದು ಬ್ರಿಟಿಷರ ಕಾಲದ ಕೊನೆಯ ಮೇಲ್ಮನವಿ ಕೋರ್ಟ್ ಪ್ರಿವಿ ಕೌನ್ಸಿಲ್ 1925ರಲ್ಲೇ ಸ್ಪಷ್ಟಪಡಿಸಿತು. ಗುರು ಗ್ರಂಥ ಸಾಹಿಬ್‌ಗೆ ಸುಪ್ರೀಂ ಕೋರ್ಟ್ 2000ದಲ್ಲಿ ಅದೇ ಸ್ಥಾನ ಕೊಟ್ಟಿತು. ವಿಗ್ರಹಕ್ಕೆ ನೋವಾಗುತ್ತದೆ ಎಂಬುದು ಇದಕ್ಕೆ ಕಾರಣವಲ್ಲ. ಭಕ್ತರು ದೇವರಿಗೆಂದು ಕೊಟ್ಟ ಜಮೀನು, ಚಿನ್ನ, ದುಡ್ಡು ಅರ್ಚಕರ ಸ್ವಂತದ್ದೂ ಅಲ್ಲ, ಆಡಳಿತದವರ ಸ್ವಂತದ್ದೂ ಅಲ್ಲ. ಅದಕ್ಕೆ ಒಬ್ಬ ಒಡೆಯ ಬೇಕು. ದೀಪಾವಳಿ ಆಸುಪಾಸಿನ ಕೆಲವೇ ದಿನ ಬಾಗಿಲು ತೆರೆಯುವ ಹಾಸನಾಂಬೆಯ ಹುಂಡಿಗೆ ಬಿದ್ದ ಕಾಣಿಕೆಯನ್ನು ಎಣಿಸುವವರು ಅಧಿಕಾರಿಗಳು, ಕಾಣಿಕೆ ಮಾತ್ರ ದೇವಿಯದು. ಕೊಟ್ಟವರ ಉದ್ದೇಶ ಕಾಯಲು ಮಾಡಿಕೊಂಡ ಏರ್ಪಾಡು ಇದು.

ಗೇಮಿನ ಪಾತ್ರದ ಸ್ಥಿತಿ ಇದಕ್ಕೆ ತದ್ವಿರುದ್ಧ. ಅದು ಆಸ್ತಿಯ ಒಡೆಯನಲ್ಲ, ಅದೇ ಒಂದು ಆಸ್ತಿ. ಚಿತ್ರ, ಹೆಸರು, ಕೋಡ್ ಎಲ್ಲದರ ಮೇಲೆ ಕಂಪನಿಗೆ ಕೃತಿಸ್ವಾಮ್ಯ, ಟ್ರೇಡ್‌ಮಾರ್ಕ್ ಇವೆ. ಪಾತ್ರಕ್ಕೆ ಹಕ್ಕು ಕೊಟ್ಟರೆ ಅದರ ಪರವಾಗಿ ಕೋರ್ಟಿಗೆ ಹೋಗುವವರು ಯಾರು? ಅದೇ ಕಂಪನಿ. ಅಭಿಮಾನಿ ಬರೆದ ತಮಾಷೆ ಚಿತ್ರಕ್ಕೂ ‘ಪಾತ್ರದ ಮಾನಹಾನಿ’ ಎಂದು ನೋಟಿಸು ಬರಬಹುದು. ಪಾತ್ರವನ್ನು ಮನುಷ್ಯರಂತೆ ಕಾಣಿ ಎನ್ನುವ ಒಳ್ಳೆಯ ಮನಸ್ಸಿನವರು ಈ ತಿರುವನ್ನು ಗಮನಿಸಿದಂತಿಲ್ಲ.

ಬಣ್ಣ ಒರೆಸಿದ ಮೇಲೆ

ಕೊಪ್ಪ, ಶೃಂಗೇರಿ ಕಡೆಯ ಯಕ್ಷಗಾನ ಪ್ರೇಕ್ಷಕರಿಗೆ ಒಂದು ವಿಷಯ ಬಿಡಿಸಿ ಹೇಳಬೇಕಿಲ್ಲ. ರಾತ್ರಿಯೆಲ್ಲ ಅಬ್ಬರಿಸಿದ ಮಹಿಷಾಸುರ ಬೆಳಗಿನ ಜಾವ ಬಣ್ಣದ ಮನೆಯಾದ ಚೌಕಿಯಲ್ಲಿ ಕೊಬ್ಬರಿ ಎಣ್ಣೆ ಹಚ್ಚಿ ಬಣ್ಣ ಒರೆಸಿಕೊಂಡು ಮೊದಲ ಬಸ್ಸಿಗೆ ನಿಂತಾಗ ಯಾರೂ ಅವನಿಗೆ ಕಲ್ಲು ಹೊಡೆಯುವುದಿಲ್ಲ.

ಗೇಮಿನ ಪ್ರೇಕ್ಷಕರಿಗೆ ಈ ಚೌಕಿ ಕಾಣುವುದಿಲ್ಲ. 2020ರ ಜೂನ್‌ನಲ್ಲಿ ಬಂದ ದ ಲಾಸ್ಟ್ ಆಫ್ ಅಸ್ ಎರಡನೇ ಭಾಗದಲ್ಲಿ ಆ್ಯಬಿ ಎಂಬ ಪಾತ್ರ, ಮೊದಲ ಭಾಗದಿಂದ ಎಲ್ಲರ ಮೆಚ್ಚಿನವನಾಗಿದ್ದ ಜೋಯಲ್‌ನನ್ನು ಕೊಲ್ಲುತ್ತದೆ. ಸಿಟ್ಟಾದ ಕೆಲವರು ಆ್ಯಬಿಗೆ ದನಿ ಕೊಟ್ಟ ಲಾರಾ ಬೇಲಿ ಅವರಿಗೆ ಕೊಲೆ ಬೆದರಿಕೆ ಕಳಿಸಿದರು. ಅವರಿಗೆ ಜೋಯಲ್ ನಿಜ, ಆ್ಯಬಿ ನಿಜ. ಲಾರಾ ಬೇಲಿ ಮಾತ್ರ ನಿಜವಲ್ಲ! ಪಾತ್ರವನ್ನು ಮನುಷ್ಯರೆಂದು ಕಾಣುವ ಅಭ್ಯಾಸದ ಅಪಾಯ ಇರುವುದೇ ಇಲ್ಲಿ, ಅದು ಹಿಂದಿರುವ ಮನುಷ್ಯರನ್ನು ಮರೆಸಿಬಿಡುತ್ತದೆ.

ಪಾತ್ರದ ಮುಖ ಬದುಕಿರುವ ಒಬ್ಬರ ಮುಖವನ್ನು ಹೋಲಿದರೆ ಲೆಕ್ಕ ಮತ್ತೆ ಬದಲು. ಪನಾಮಾದ ಮಾಜಿ ಸರ್ವಾಧಿಕಾರಿ ನೊರಿಯೇಗಾ ತನ್ನನ್ನು ಕಾಲ್ ಆಫ್ ಡ್ಯೂಟಿ ಗೇಮಿನಲ್ಲಿ ಖಳನಾಗಿ ತೋರಿಸಿದ್ದಕ್ಕೆ 2014ರಲ್ಲಿ ಜೈಲಿನಿಂದಲೇ ಕೇಸು ಹಾಕಿದ. ಕೋರ್ಟ್ ಅದೇ ವರ್ಷ ತಳ್ಳಿಹಾಕಿತು. ಜಿಟಿಎ 5ರ ಒಂದು ಪಾತ್ರ ತನ್ನದೇ ನಕಲು ಎಂದು ನಟಿ ಲಿಂಡ್ಸೆ ಲೋಹನ್ ಹೂಡಿದ ದಾವೆಯೂ 2018ರಲ್ಲಿ ಸೋತಿತು. ಆದರೆ ಆ ತೀರ್ಪಿನಲ್ಲಿ ನ್ಯೂಯಾರ್ಕಿನ ಉನ್ನತ ನ್ಯಾಯಾಲಯ ಒಂದು ಮುಖ್ಯ ಮಾತು ಹೇಳಿತು: ಗೇಮಿನ ಅವತಾರವೂ ಒಬ್ಬರ ‘ಭಾವಚಿತ್ರ’ ಆಗಬಹುದು, ಈ ಪಾತ್ರದಲ್ಲಿ ಲೋಹನ್ ಗುರುತು ಸಿಗುವುದಿಲ್ಲ ಅಷ್ಟೇ. ನಮ್ಮಲ್ಲಿ ದೆಹಲಿ ಹೈಕೋರ್ಟ್ 2023ರ ಸೆಪ್ಟೆಂಬರಿನಲ್ಲಿ ನಟ ಅನಿಲ್ ಕಪೂರ್ ಅವರ ಹೆಸರು, ಮುಖ, ದನಿಯನ್ನು ಎಐ ಮುಂತಾದ ವಿಧಾನದಿಂದ ಅನುಮತಿಯಿಲ್ಲದೆ ವ್ಯಾಪಾರಕ್ಕೆ ಬಳಸದಂತೆ ತಡೆ ಕೊಟ್ಟಿದೆ.

ಇದು ಮುಂಬೈ ನಟರ ಸಮಾಚಾರ, ನಮಗೇಕೆ ಎನ್ನುವಂತಿಲ್ಲ. ಹಾಸನದ ಎಂಜಿನಿಯರಿಂಗ್ ವಿದ್ಯಾರ್ಥಿಗಳ ತಂಡವೊಂದು ಪ್ರಾಜೆಕ್ಟಿಗೆ ಗೇಮ್ ಮಾಡಹೊರಟು, ಊರಿನ ಯಕ್ಷಗಾನ ಕಲಾವಿದರೊಬ್ಬರಿಂದ ರಾಕ್ಷಸ ಪಾತ್ರಕ್ಕೆ ಒಂದು ಗಂಟೆ ಮಾತು ರೆಕಾರ್ಡ್ ಮಾಡಿಸಿಕೊಂಡರು ಅನ್ನಿ. ಒಂದು ಶಾಲು, ಒಂದು ಹಾರ, ಕೈಗೆ ಒಂದಿಷ್ಟು ದುಡ್ಡು, ಕಾಗದವಿಲ್ಲ. ನಾಳೆ ಆ ಗೇಮ್ ಮಾರಾಟಕ್ಕೆ ಬಂದರೆ? ಕೃತಿಸ್ವಾಮ್ಯ ಕಾಯ್ದೆಯ 38ನೇ ಕಲಮಿನಡಿ ಆ ಪ್ರದರ್ಶನದ ಮೇಲೆ ಕಲಾವಿದರಿಗೆ 50 ವರ್ಷ ಹಕ್ಕಿದೆ. 38ಬಿ ಪ್ರಕಾರ ತಮ್ಮ ಹೆಸರು ಹಾಕಿಸಿಕೊಳ್ಳುವ ಹಕ್ಕು, ಮರ್ಯಾದೆಗೆ ಕುಂದು ಬರುವಂತೆ ತಿರುಚಿದರೆ ತಡೆಯುವ ಹಕ್ಕು ಇವೆ. ಕಾಗದ ಬರೆದರೂ ಅವಧಿ ನಮೂದಿಸದಿದ್ದರೆ ವರ್ಗಾವಣೆ 5 ವರ್ಷಕ್ಕೆ, ಪ್ರದೇಶ ನಮೂದಿಸದಿದ್ದರೆ ಭಾರತಕ್ಕೆ ಮಾತ್ರ ಎಂದು ಕಾಯ್ದೆ ಎಣಿಸುತ್ತದೆ. ಸ್ಟೀಮ್‌ನಲ್ಲಿ ಹಾಕಿದರೆ ಜಗತ್ತಿಗೆಲ್ಲ ಮಾರಾಟ, ಅಲ್ಲೇ ಎಡವಟ್ಟು. ಹಾಗಾಗಿ ಒಂದು ಪುಟದ ಒಪ್ಪಂದದಲ್ಲಾದರೂ ಯಾವ ಗೇಮಿಗೆ, ಎಷ್ಟು ವರ್ಷಕ್ಕೆ, ಯಾವ ದೇಶಗಳಿಗೆ, ಎಷ್ಟು ಹಣಕ್ಕೆ, ಹೆಸರು ಎಲ್ಲಿ ಬರುತ್ತದೆ ಎಂಬುದು ಇರಲೇಬೇಕು. ಈ ಕಾಲಕ್ಕೆ ಇನ್ನೊಂದು ಸಾಲು ತೀರಾ ಮುಖ್ಯ: ಈ ದನಿಯಿಂದ ಎಐ ನಕಲು ತಯಾರಿಸುವಂತಿಲ್ಲ, ಅಥವಾ ತಯಾರಿಸಿದರೆ ಇಂತಿಷ್ಟು ಹೆಚ್ಚುವರಿ ಸಂಭಾವನೆ. ಅಮೆರಿಕದ ಗೇಮ್ ಕಲಾವಿದರು 2024ರ ಜುಲೈ 26ರಿಂದ ಹತ್ತಿರ ಹತ್ತಿರ ಒಂದು ವರ್ಷ ಮುಷ್ಕರ ಕೂತದ್ದು ಬಹುಪಾಲು ಈ ಒಂದು ಸಾಲಿಗಾಗಿ.

ಅವತಾರಕ್ಕೆ ಕೈ ಹಾಕಿದರೆ

ಬ್ರಿಟನ್ನಿನ ಹುಡುಗಿಯ ಪ್ರಕರಣಕ್ಕೆ ಬರೋಣ. ಅವಳ ಅವತಾರ ಎನ್‌ಪಿಸಿ ಅಲ್ಲ. ಹೆಡ್‌ಸೆಟ್ ಹಾಕಿಕೊಂಡಾಗ ಅವತಾರದ ಕಣ್ಣೇ ಅವಳ ಕಣ್ಣು, ಅವಳು ಕೈ ಎತ್ತಿದರೆ ಅದರ ಕೈ ಏಳುತ್ತದೆ, ಸುತ್ತುವರಿದವರ ದನಿ ಕಿವಿಯ ಪಕ್ಕದಲ್ಲೇ ಕೇಳುತ್ತದೆ. ಗುಂಡು ಹಾರಿಸುವ ಆಟಕ್ಕೆ ಒಪ್ಪಿ ಬಂದವಳೂ ಅಲ್ಲ ಅವಳು. ಒಪ್ಪಿಗೆ ಇಲ್ಲ, ಹಿಂದೆ ಜೀವಂತ ಮನುಷ್ಯಳಿದ್ದಾಳೆ, ಅದೂ ಅಪ್ರಾಪ್ತೆ. ಬಿಜಿಎಂಐ ಗುಂಡಿಗೂ ಇದಕ್ಕೂ ಇರುವ ವ್ಯತ್ಯಾಸ ಇದೇ. ಇಂಥದೇ ದೂರುಗಳು ಬಂದ ಮೇಲೆ ಮೆಟಾ ಕಂಪನಿ 2022ರ ಫೆಬ್ರವರಿಯಲ್ಲಿ ತನ್ನ ವಿಆರ್ ಲೋಕದ ಅವತಾರಗಳ ನಡುವೆ ಸುಮಾರು 4 ಅಡಿ ಅಂತರ ಉಳಿಯುವಂತೆ ಬೇಲಿ ಹಾಕಿತು.

ನಮ್ಮಲ್ಲಿ ಅವತಾರದ ಮೇಲಿನ ದಾಳಿಗೆಂದೇ ಪ್ರತ್ಯೇಕ ಕಲಮು ಇಲ್ಲ. ಇರುವ ಕಲಮುಗಳಲ್ಲೇ ಬಹಳಷ್ಟು ಸಿಗುತ್ತದೆ. ಭಾರತೀಯ ನ್ಯಾಯ ಸಂಹಿತೆಯಲ್ಲಿ 75 ಲೈಂಗಿಕ ಕಿರುಕುಳಕ್ಕೆ, 78 ಬೆನ್ನಟ್ಟಿ ಕಾಡುವುದಕ್ಕೆ, 79 ಹೆಣ್ಣಿನ ಮಾನಕ್ಕೆ ಕುಂದು ತರುವ ಮಾತು-ಸನ್ನೆಗೆ, 351 ಬೆದರಿಕೆಗೆ. ಎದುರಿಗಿರುವುದು ಹದಿನೆಂಟು ತುಂಬದ ಮಗುವಾದರೆ ಪೋಕ್ಸೊ 11ನೇ ಕಲಮು. ಇವ್ಯಾವುದರಲ್ಲೂ ‘ಪಾತ್ರ’ ಎಂಬ ಪದವಿಲ್ಲ, ಬೇಕಾಗಿಯೂ ಇಲ್ಲ.

ದೂರು ನಿಲ್ಲದೆ ಬಿದ್ದುಹೋಗುವುದು ಹೆಚ್ಚಾಗಿ ಸಾಕ್ಷ್ಯದ ಕೊರತೆಯಿಂದ. ಕಿರುಕುಳ ಕೊಟ್ಟವರ ಹೆಸರನ್ನಷ್ಟೇ ಬರೆದಿಟ್ಟರೆ ಸಾಲದು, ಹೆಸರು ನಿಮಿಷದಲ್ಲಿ ಬದಲಾಗುತ್ತದೆ. ಪ್ರೊಫೈಲ್ ತೆರೆದು ಅಂಕಿಗಳಲ್ಲಿರುವ ಪ್ಲೇಯರ್ ಐಡಿಯ ಸ್ಕ್ರೀನ್‌ಶಾಟ್ ತೆಗೆಯಬೇಕು. ಫೋನಿನ ಸ್ಕ್ರೀನ್ ರೆಕಾರ್ಡರ್ ನಂಬಿ ಮೋಸಹೋದವರು ಬಹಳ: ಆಂಡ್ರಾಯ್ಡ್‌ನಲ್ಲಿ ಗೇಮಿನ ಸದ್ದು ದಾಖಲಾದರೂ ವಾಯ್ಸ್ ಚಾಟ್ ಎಷ್ಟೋ ಸಲ ದಾಖಲಾಗುವುದಿಲ್ಲ, ಏಕೆಂದರೆ ಸಂಭಾಷಣೆಯ ದನಿಯನ್ನು ಬೇರೆ ಆ್ಯಪ್ ಹಿಡಿಯಲು ಅದು ಬಿಡುವುದಿಲ್ಲ. ಸ್ಪೀಕರ್ ಆನ್ ಮಾಡಿ ಇನ್ನೊಂದು ಫೋನಿನಲ್ಲಿ ವಿಡಿಯೋ ತೆಗೆಯುವುದೇ ಸುರಕ್ಷಿತ. ಆ ವಿಡಿಯೋವನ್ನು ವಾಟ್ಸ್ಆ್ಯಪ್‌ನಲ್ಲಿ ಕಳಿಸಿ ಮೂಲವನ್ನು ಅಳಿಸಬೇಡಿ. ವಾಟ್ಸ್ಆ್ಯಪ್ ಫೈಲನ್ನು ಕುಗ್ಗಿಸುತ್ತದೆ, ತೆಗೆದ ಹೊತ್ತಿನ ಮಾಹಿತಿ ಕಳಚಿಹೋಗುತ್ತದೆ. ಕೋರ್ಟಿಗೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರದೊಂದಿಗೆ ಮೂಲ ಫೈಲೇ ಬೇಕಾಗುತ್ತದೆ. ಇಷ್ಟಾದ ಮೇಲೆ ಗೇಮಿನೊಳಗೆ ರಿಪೋರ್ಟ್ ಒತ್ತಿ, ನಂತರ ಬ್ಲಾಕ್ ಮಾಡಿ. ಮೊದಲೇ ಬ್ಲಾಕ್ ಮಾಡಿದರೆ ಕೆಲವು ಕಡೆ ಪ್ರೊಫೈಲೇ ಕಾಣದಾಗುತ್ತದೆ.

ದೂರಿಗೆ ಹಾಸನದಲ್ಲೂ ಚಿಕ್ಕಮಗಳೂರಿನಲ್ಲೂ ಜಿಲ್ಲಾ ಕೇಂದ್ರದ ಸಿಇಎನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧ) ಠಾಣೆ ಇದೆ. ಆನ್‌ಲೈನಿನಲ್ಲಾದರೆ ಕೇಂದ್ರ ಸರ್ಕಾರದ ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ಮಹಿಳೆಯರು ಮತ್ತು ಮಕ್ಕಳಿಗೆ ಸಂಬಂಧಿಸಿದ ವಿಭಾಗವಿದೆ, ಅಲ್ಲಿ ಹೆಸರು ಹೇಳದೆಯೂ ಮಾಹಿತಿ ಕೊಡಬಹುದು. ಮಕ್ಕಳ ಸಹಾಯವಾಣಿ 1098. ‘ಆರೋಪಿ ಯಾವ ಊರಿನವನೋ, ನಮ್ಮ ವ್ಯಾಪ್ತಿಗೆ ಬರುವುದಿಲ್ಲ’ ಎಂದು ಹಿಂದೆ ಕಳಿಸುವಂತಿಲ್ಲ. ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮು ಯಾವ ಠಾಣೆಯಲ್ಲಾದರೂ ದೂರು ಕೊಡಲು ಅವಕಾಶ ಕೊಟ್ಟಿದೆ. ಇಮೇಲಿನಂಥ ಮಾರ್ಗದಲ್ಲಿ ಕೊಟ್ಟರೆ 3 ದಿನದೊಳಗೆ ಹೋಗಿ ಸಹಿ ಮಾಡಬೇಕು.

ಕೊಂದರೆ ಆಟ, ಇದು ಮಾತ್ರ ಪಾಪವೇ?

ಹಿಂದೆ ಯಾರೂ ಇಲ್ಲದ ಎನ್‌ಪಿಸಿ ವಿಷಯದಲ್ಲೂ ಒಂದು ಮುಳ್ಳು ಉಳಿಯುತ್ತದೆ. ಮಾರ್ಗನ್ ಲಕ್ ಎಂಬ ತತ್ವಶಾಸ್ತ್ರಜ್ಞ 2009ರಲ್ಲಿ ಅದನ್ನು ‘ಗೇಮರನ ಇಕ್ಕಟ್ಟು’ ಎಂಬ ಹೆಸರಿನಲ್ಲಿ ಮುಂದಿಟ್ಟರು. ಗೇಮಿನಲ್ಲಿ ಕೊಲೆ ಮಾಡಿದರೆ ಯಾರಿಗೂ ಪೆಟ್ಟಿಲ್ಲ, ಹಾಗಾಗಿ ಪರವಾಗಿಲ್ಲ ಅನ್ನುತ್ತೇವೆ. ಮಗುವಿನ ಮೇಲಿನ ಲೈಂಗಿಕ ದೌರ್ಜನ್ಯವನ್ನು ಆಟವಾಗಿಸಿದರೂ ಅಲ್ಲಿ ನಿಜವಾದ ಮಗುವಿಲ್ಲ. ಆದರೆ ಅದನ್ನು ಪರವಾಗಿಲ್ಲ ಎನ್ನಲು ನಾಲಿಗೆ ಏಳುವುದಿಲ್ಲ. ಏಕೆ?

ಕಾನೂನಿನ ಉತ್ತರ ಖಚಿತ. 2019ರ ತಿದ್ದುಪಡಿಯ ನಂತರ ಪೋಕ್ಸೊ ಕಾಯ್ದೆ ಮಕ್ಕಳ ಅಶ್ಲೀಲ ಚಿತ್ರಕ್ಕೆ ಕೊಟ್ಟ ವ್ಯಾಖ್ಯೆಯಲ್ಲಿ, ನಿಜವಾದ ಮಗುವಿಗೂ ಅದಕ್ಕೂ ವ್ಯತ್ಯಾಸ ತಿಳಿಯದಂಥ ಕಂಪ್ಯೂಟರ್ ಸೃಷ್ಟಿಯ ಚಿತ್ರವೂ, ಮಗುವಿನಂತೆ ಕಾಣುವ ತಿದ್ದಿದ ಚಿತ್ರವೂ ಸೇರಿದೆ. ‘ಇದು ಬರೀ ಗ್ರಾಫಿಕ್ಸ್’ ಎಂಬ ಸಬೂಬು ಅಲ್ಲಿ ನಡೆಯದು. ಅಂಥ ಚಿತ್ರಗಳು ಮಕ್ಕಳನ್ನು ಪುಸಲಾಯಿಸುವ ಸಾಧನವಾಗುತ್ತವೆ, ನಿಜವಾದ ಚಿತ್ರಗಳನ್ನು ಪತ್ತೆಮಾಡುವ ಕೆಲಸವನ್ನೂ ಕಷ್ಟಮಾಡುತ್ತವೆ. ಹಿಂದೆ ನಿಂತವರು ಇಲ್ಲಿಯೂ ಇದ್ದಾರೆ, ತೆರೆಯ ಮೇಲೆ ಕಾಣುವುದಿಲ್ಲ ಅಷ್ಟೇ.

ವಯಸ್ಕ ಪಾತ್ರಗಳ ವಿಷಯ ಇಷ್ಟು ನೇರವಲ್ಲ. 2018ರಲ್ಲಿ ರೆಡ್ ಡೆಡ್ ರಿಡೆಂಪ್ಶನ್ 2 ಗೇಮಿನಲ್ಲಿ ಮಹಿಳಾ ಮತದಾನದ ಹಕ್ಕಿಗಾಗಿ ಕೂಗುವ ಪಾತ್ರವನ್ನು ಹೊಡೆದು ಮೊಸಳೆಗೆ ಹಾಕುವ ವಿಡಿಯೋಗಳನ್ನು ಒಬ್ಬ ಆಟಗಾರ ಯೂಟ್ಯೂಬಿಗೆ ಏರಿಸಿದ. ಯೂಟ್ಯೂಬ್ ಅವನ ಚಾನೆಲ್ ಮುಚ್ಚಿತು, ಟೀಕೆ ಬಂದ ಮೇಲೆ ಮರಳಿ ತೆರೆಯಿತು. ಅದೇ ಗೇಮಿನಲ್ಲಿ ಗಂಡುಪಾತ್ರಗಳನ್ನು ಸಾಲು ಸಾಲು ಕೊಲ್ಲುವ ವಿಡಿಯೋಗಳಿಗೆ ಯಾರೂ ತಕರಾರು ಎತ್ತಿರಲಿಲ್ಲ. ಎನ್‌ಪಿಸಿಯ ಮಟ್ಟಿಗೆ ಎರಡೂ ಒಂದೇ ಕೋಡ್. ಬದಲಾದದ್ದು ವಿಡಿಯೋದ ಶೀರ್ಷಿಕೆ ಯಾರನ್ನು ಕೆಣಕುತ್ತಿತ್ತು, ಕೆಳಗೆ ಯಾರು ಏನು ಬರೆಯುತ್ತಿದ್ದರು ಎಂಬುದು.

ಗೇಮಿನಲ್ಲಿ ಮಾಡಿದ್ದು ಬೀದಿಗೂ ಬರುತ್ತದೆ ಎಂಬ ವಾದಕ್ಕೆ ಸಾಕ್ಷ್ಯ ಎಷ್ಟಿದೆ? ಅಮೆರಿಕದ ಮನಶ್ಶಾಸ್ತ್ರಜ್ಞರ ಸಂಘ ಎಪಿಎ 2020ರಲ್ಲಿ ಹೇಳಿದ್ದು: ಹಿಂಸೆಯ ಗೇಮುಗಳಿಗೂ ಬೈಯುವುದು, ತಳ್ಳುವುದರಂಥ ಆಕ್ರಮಣಕಾರಿ ನಡವಳಿಕೆಗೂ ಸಣ್ಣ ನಂಟು ಇದೆ, ಕೊಲೆ, ದೊಂಬಿಯಂಥ ಹಿಂಸೆಗೆ ಗೇಮುಗಳೇ ಕಾರಣ ಎನ್ನಲು ಆಧಾರ ಸಾಲದು. ಈ ಎರಡು ಅರ್ಧಗಳಲ್ಲಿ ತಮಗೆ ಬೇಕಾದ ಒಂದನ್ನೇ ಓದುವುದು ಎರಡೂ ಕಡೆಯವರ ಚಾಳಿ. ನಮ್ಮಲ್ಲಿ ಪಬ್‌ಜಿ 2020ರ ಸೆಪ್ಟೆಂಬರಿನಲ್ಲಿ ನಿಷೇಧವಾಗಿ ಮರುವರ್ಷ ಬಿಜಿಎಂಐ ಹೆಸರಿನಲ್ಲಿ ಬಂದಾಗ ರಕ್ತ ಹಸಿರು ಬಣ್ಣಕ್ಕೆ ತಿರುಗಿತ್ತು, ಇದು ಕಾಲ್ಪನಿಕ ಲೋಕ ಎಂಬ ಘೋಷಣೆ ಸೇರಿತ್ತು. ಹಸಿರು ರಕ್ತ ಯಾರ ಮನಸ್ಸನ್ನು ತಿದ್ದಿತೋ! ಅದೇ ಗೇಮಿನಲ್ಲಿ ಅಪ್ರಾಪ್ತರಿಗೆ ದಿನಕ್ಕೆ 3 ಗಂಟೆಯ ಮಿತಿ ಹಾಕಿದ್ದು ಮಾತ್ರ ಕೆಲಸದ ಸಂಗತಿ, ಏಕೆಂದರೆ ಅದು ಪಾತ್ರವನ್ನು ಬಿಟ್ಟು ಮಗುವನ್ನು ನೋಡುತ್ತದೆ.

ಈಗ ಸ್ಟೀಮ್‌ನ ಹೊಸ ಸಾಲನ್ನು ಮತ್ತೆ ಓದಿದರೆ ತೊಡಕು ಕಾಣುತ್ತದೆ. ಹೆಣ್ಣಿನ ಮೇಲಿನ ಹಿಂಸೆಯನ್ನೇ ಬಹುಮಾನವಾಗಿಸಿದ ಗೇಮುಗಳನ್ನು ಅಂಗಡಿ ಮಾರದಿದ್ದರೆ ಸಮಾಜಕ್ಕೆ ನಷ್ಟವೇನೂ ಇಲ್ಲ. ಆದರೆ ಗೆರೆ ಎಳೆಯುತ್ತಿರುವುದು ಕೋರ್ಟೂ ಅಲ್ಲ, ಸೆನ್ಸಾರ್ ಮಂಡಳಿಯೂ ಅಲ್ಲ, ಕಾರ್ಡ್ ಉಜ್ಜಿಸುವ ಕಂಪನಿ. ಅದರ ಮುಂದೆ ಮೇಲ್ಮನವಿ ಇಲ್ಲ. ದೌರ್ಜನ್ಯಕ್ಕೆ ಒಳಗಾದವರೇ ತಮ್ಮ ಅನುಭವ ಹೇಳಲು ಮಾಡಿದ ಗೇಮೂ, ದೌರ್ಜನ್ಯವನ್ನು ಚಪ್ಪರಿಸುವ ಗೇಮೂ ಅದರ ಜರಡಿಯಲ್ಲಿ ಒಂದೇ ಕೀವರ್ಡ್‌ಗೆ ಸಿಕ್ಕಿಬೀಳುತ್ತವೆ. ಇಚ್ ಡಾಟ್ ಐಒದಲ್ಲಿ ಮರೆಯಾದ ಗೇಮುಗಳಲ್ಲಿ ಉಚಿತವಾಗಿದ್ದವು ಮೊದಲು ಮರಳಿ ಕಾಣಿಸಿಕೊಂಡವು. ದುಡ್ಡಿಲ್ಲದ ಕಡೆ ಕಾರ್ಡಿನವರ ಗೊಡವೆ ಇಲ್ಲವಲ್ಲ.

ಪ್ರೀತಿಗೆ ಬೆಲೆ ಕಟ್ಟುವವರು

ಪಾತ್ರವನ್ನು ದ್ವೇಷಿಸುವವರ ಬಗ್ಗೆ ಇಷ್ಟು ಗದ್ದಲ. ಪ್ರೀತಿಸುವವರ ಜೇಬಿನ ಬಗ್ಗೆ ಸದ್ದಿಲ್ಲ. 2020ರಲ್ಲಿ ಬಂದ ಗೆನ್ಶಿನ್ ಇಂಪ್ಯಾಕ್ಟ್‌ನಂಥ ಗೇಮಿನಲ್ಲಿ ಇಷ್ಟದ ಪಾತ್ರವನ್ನು ನೇರವಾಗಿ ಕೊಳ್ಳುವಂತಿಲ್ಲ, ಚೀಟಿ ಎತ್ತಬೇಕು. ಒಂದು ಎತ್ತುವಿಕೆಗೆ 160 ಪ್ರೈಮೋಜೆಮ್, ಅಂದರೆ ಆ ಗೇಮಿನೊಳಗಿನ ನಾಣ್ಯ. ಐದು ನಕ್ಷತ್ರದ ಪಾತ್ರ ಬೀಳುವ ಮೂಲ ಸಾಧ್ಯತೆ ಶೇ 0.6. ತೊಂಬತ್ತನೇ ಎತ್ತುವಿಕೆಗೆ ಒಂದು ಖಾತ್ರಿ, ಆದರೆ ಅದು ನಿಮಗೆ ಬೇಕಾದ ಪಾತ್ರವೇ ಆಗಿರುವ ಸಾಧ್ಯತೆ ಸರಿಸುಮಾರು ಅರ್ಧ. ಅದೃಷ್ಟ ಕೈಕೊಟ್ಟರೆ 180 ಎತ್ತಬೇಕು, ಅಂದರೆ 28,800 ಪ್ರೈಮೋಜೆಮ್. ಆಡಿ ಗಳಿಸಬಹುದು, ತಾಳ್ಮೆ ಇಲ್ಲದವರು ದುಡ್ಡು ಕೊಟ್ಟು ಕೊಳ್ಳುತ್ತಾರೆ. ಆ ಪಾತ್ರಕ್ಕೆ ಹುಟ್ಟುಹಬ್ಬ, ಇಷ್ಟದ ತಿಂಡಿ, ಬಾಲ್ಯದ ದುಃಖ ಎಲ್ಲ ಬರೆದಿಟ್ಟಿರುವುದು ಸುಮ್ಮನಲ್ಲ. ಬೆಲ್ಜಿಯಂ 2018ರಲ್ಲೇ ಹಣ ಕೊಟ್ಟು ತೆರೆಯುವ ಇಂಥ ಪೆಟ್ಟಿಗೆಗಳನ್ನು ಜೂಜೆಂದು ಪರಿಗಣಿಸಿತು. ನಮ್ಮ 2025ರ ಆನ್‌ಲೈನ್ ಗೇಮಿಂಗ್ ಕಾಯ್ದೆ ಮುಖ್ಯವಾಗಿ ಹಣ ಕಟ್ಟಿ ಹಣ ಗೆಲ್ಲುವ ಆಟಗಳನ್ನು ಗುರಿಯಾಗಿಟ್ಟುಕೊಂಡದ್ದು.

ಮನೆಯಲ್ಲಿ ಮಕ್ಕಳ ಕೈಗೆ ಫೋನ್ ಕೊಡುವವರು ಪ್ಲೇ ಸ್ಟೋರಿನ ಸೆಟ್ಟಿಂಗ್‌ನಲ್ಲಿ ಪ್ರತಿ ಖರೀದಿಗೂ ಪಾಸ್‌ವರ್ಡ್ ಕೇಳುವಂತೆ ಮಾಡಿಕೊಳ್ಳುವುದು ಒಂದು ನಿಮಿಷದ ಕೆಲಸ. ದುಡ್ಡು ಹೋಗಿಯೇ ಬಿಟ್ಟಿದ್ದರೆ 48 ಗಂಟೆಯೊಳಗೆ ಗೂಗಲ್‌ಗೆ ಮರುಪಾವತಿ ಕೋರಬೇಕು. ಆಮೇಲೆ ಗೇಮಿನ ಕಂಪನಿಯ ಕಾಲು ಹಿಡಿಯಬೇಕಾಗುತ್ತದೆ.

ಇಷ್ಟು ಕೊಟ್ಟು ಪಡೆದ ಪಾತ್ರವೂ ಕೊಂಡವರದಲ್ಲ. 2018ರಲ್ಲಿ ಜಪಾನಿನ ಒಬ್ಬರು ಹಾತ್ಸುನೆ ಮಿಕು ಎಂಬ ಡಿಜಿಟಲ್ ಗಾಯಕಿ ಪಾತ್ರದೊಂದಿಗೆ ಮದುವೆಯ ಶಾಸ್ತ್ರ ಮಾಡಿಕೊಂಡಿದ್ದರು, ಕಾನೂನಿನ ಮಾನ್ಯತೆ ಇಲ್ಲದೆ. ಆ ಪಾತ್ರದ ಜತೆ ಮಾತಾಡಿಸುತ್ತಿದ್ದ ಯಂತ್ರದ ಸೇವೆಯನ್ನು ಕಂಪನಿ 2020ರಲ್ಲಿ ನಿಲ್ಲಿಸಿತು. ಅಲ್ಲಿಗೆ ಮಾತು ಮುಗಿಯಿತು. ಯುಬಿಸಾಫ್ಟ್ ಕಂಪನಿ 2024ರ ಮಾರ್ಚ್ 31ಕ್ಕೆ ದ ಕ್ರೂ ಗೇಮಿನ ಸರ್ವರ್ ಮುಚ್ಚಿದಾಗ, ದುಡ್ಡು ಕೊಟ್ಟು ಕೊಂಡವರಿಗೂ ಆ ಗೇಮ್ ತೆರೆಯದಾಯಿತು. ಅದರಿಂದ ಹುಟ್ಟಿದ ‘ಸ್ಟಾಪ್ ಕಿಲ್ಲಿಂಗ್ ಗೇಮ್ಸ್’ ಚಳವಳಿಯ ಅರ್ಜಿಗೆ ಯುರೋಪಿನಲ್ಲಿ 2025ರ ಜುಲೈ ಹೊತ್ತಿಗೆ ಹತ್ತು ಲಕ್ಷ ಸಹಿ ದಾಟಿದವು. ಸ್ಟೀಮ್‌ನಲ್ಲಿ ಈಗ ದುಡ್ಡು ಕಟ್ಟುವ ಮುನ್ನ ಒಂದು ಸಣ್ಣ ಸಾಲು ಕಾಣುತ್ತದೆ: ನೀವು ಪಡೆಯುತ್ತಿರುವುದು ಪರವಾನಗಿ ಎಂದು.